ಡೆಂಗಿ ಜ್ವರವೂ ಪ್ರಯಾಣಿಕರ ಲಸಿಕೆಯೂ

ಬೆಂಗಳೂರು ಮಹಾನಗರದ ಪೂರ್ವಕ್ಕೆ ವೈಟ್‌ಫೀಲ್ಡ್, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ, ವಾಯವ್ಯಕ್ಕೆ ಪೀಣ್ಯ. ಈ ಮೂರು ಹೊರವಲಯಗಳು ಇಂದು ನಾಡಿನ ತರುಣ ಜನಾಂಗಕ್ಕೆ ಅನ್ನದ ನೆಲೆಗಳಾಗಿವೆ. ಗ್ರಾಮಾಂತರದ ವಿದ್ಯಾಶಾಲೆಗಳಲ್ಲಿ ಓದಿ, ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಬೆಳೆದ ಎಷ್ಟೋ ಮಂದಿ ಈಗ ಅಲ್ಲಿಯ ಕಚೇರಿ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಅವರನ್ನು ನೋಡಿಬರಲು ತಂದೆತಾಯಿಗಳು ಊರಿನಿಂದ ಹೊರಡುತ್ತಾರೆ. ಹಬ್ಬ ಜಾತ್ರೆಗಳಿಗೆ ಮಕ್ಕಳು ಊರಿಗೆ ಬರುತ್ತಾರೆ. ಕೆಲವರು ಉದ್ಯೋಗನಿಮಿತ್ತವಾಗಿ ಕಡಲಾಚೆಗೂ ಹೋಗಿಬರುವುದುಂಟು. ಮಳೆಗಾಲ ಸಮೀಪಿಸಿತೆಂದರೆ ಹೀಗೆ ಬಂದುಹೋಗುವವರೆಲ್ಲರ ಬಾಯಲ್ಲಿ ಒಂದೇ ಪ್ರಶ್ನೆ: ಡೆಂಗಿ ಜ್ವರಕ್ಕೆ ಲಸಿಕೆ ಇಲ್ಲವೇ? ಒಂದು ಸೂಜಿ ಚುಚ್ಚಿಸಿಕೊಂಡು ನಿಶ್ಚಿಂತೆಯಿಂದ ಹೊರಡಬಾರದೇ? ಪ್ರಶ್ನೆ ಸರಳವಾಗಿದೆ. ಉತ್ತರ ಅಷ್ಟು ಸರಳವಾಗಿಲ್ಲದಿರುವುದರಿಂದಲೇ ಅದನ್ನು ಸ್ವಲ್ಪ ವಿಸ್ತಾರವಾಗಿ ನಿರೂಪಿಸಬೇಕಾಗಿದೆ.

‘ಡೆಂಗಿ’ ನಮ್ಮ ಭಾಷೆಗಳ ಮಾತಲ್ಲ. ಅದು ಸ್ಪ್ಯಾನಿಷ್ ಭಾಷೆಯ ಮೂಲಕ ಜಗತ್ತಿಗೆ ಹರಡಿದ ಶಬ್ದ. ಅದರ ಹಿಂದೆ ಪೂರ್ವ ಆಫ್ರಿಕದ ಸ್ವಾಹಿಲಿ ನುಡಿಯ ಪದವೊಂದಿದೆಯೆಂದು ಊಹಿಸುವವರಿದ್ದಾರೆ. ಕೆರಿಬಿಯನ್ ದ್ವೀಪಗಳಲ್ಲಿ ಈ ಜ್ವರ ಹಿಡಿದವರು ಕೀಲುನೋವಿನಿಂದ ಮೈ ಬಿಗಿಹಿಡಿದು ನಡೆಯುತ್ತಿದ್ದ ಠೀವಿಯನ್ನು ಕಂಡು ಜನರು ಅದನ್ನು ಷೋಕಿಗಾರನ ಜ್ವರವೆಂದು ಹಾಸ್ಯಮಾಡಿದ್ದೂ ಉಂಟು. ಎಲುಬು ಮುರಿಯುವ ಜ್ವರವೆಂಬ ಮತ್ತೊಂದು ಹೆಸರಿನಲ್ಲಿ ಮಾತ್ರ ಹಾಸ್ಯವಿಲ್ಲ. ಅದರ ಅರ್ಥವನ್ನು ಅನುಭವಿಸಿದವರೇ ಬಲ್ಲರು. ರೋಗಕ್ಕೆ ಕಾರಣವಾದುದು ಒಂದು ವೈರಾಣು. ಅದನ್ನು ಮನುಷ್ಯನಿಂದ ಮನುಷ್ಯನಿಗೆ ಒಯ್ಯುವುದು ‘ಈಡಿಸ್ ಈಜಿಪ್ಟಿ’ ಎಂಬ, ಕಾಲುಗಳ ಮೇಲೆ ಬಿಳಿಯ ಪಟ್ಟೆಗಳುಳ್ಳ ಹೆಣ್ಣು ಸೊಳ್ಳೆ. ‘ಈಡಿಸ್’ ಎಂಬ ಗ್ರೀಕ್ ಪದಕ್ಕೆ ಅಪ್ರಿಯವಾದುದು ಎಂದರ್ಥ. ನಾಮಕರಣ ಮಾಡಿದವರು ಔಚಿತ್ಯವನ್ನು ಅರಿತವರೇ ಸರಿ.

ಸೊಳ್ಳೆಗೂ ನೀರಿನ ತೊಟ್ಟಿಗೂ ಇರುವ ಸಂಬಂಧವನ್ನು ಕುರಿತ ಪ್ರಸಿದ್ಧವಾದ ಪ್ರಸಂಗವೊಂದು ಬೆಂಗಳೂರಿನಲ್ಲಿಯೇ ನಡೆಯಿತೆಂಬುದು ಅನೇಕರಿಗೆ ತಿಳಿದಿರಲಾರದು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೈನ್ಯವೈದ್ಯರು ಇಲ್ಲಿಯ ದಂಡುಪ್ರದೇಶದಲ್ಲಿ ನೇಮಕಗೊಂಡಿದ್ದರು. ಅವರ ಬಂಗಲೆಯಲ್ಲಿ ಸೊಳ್ಳೆಗಳ ಉಪದ್ರವ ಹೇಳತೀರದಷ್ಟಿತ್ತು. ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ತೊಟ್ಟಿಯೊಳಗೆ ಇಣುಕಿ ನೋಡಲಾಗಿ ಸಣ್ಣ ಹುಳುಗಳು ನುಲಿದಾಡುತ್ತಿದ್ದುವು. ತೊಟ್ಟಿಯನ್ನು ಮಗುಚಿಹಾಕಿಸಿದರು, ಸೊಳ್ಳೆಗಳು ಕಡಿಮೆಯಾದುವು. ಇತರ ತೊಟ್ಟಿಗಳನ್ನೂ ಬರಿದುಮಾಡಿಸೋಣವೆಂದು ಅವರು ಮೇಲಧಿಕಾರಿಯೊಬ್ಬರಿಗೆ ಸೂಚಿಸಿದಾಗ, ಸೊಳ್ಳೆಗಳೂ ಸೃಷ್ಟಿಯ ಯಾವುದೋ ಉದ್ದೇಶಕ್ಕಾಗಿಯೇ ಇರುವುವು, ಅವನ್ನು ಸಹಿಸಿಕೊಳ್ಳುವುದೇ ಕರ್ತವ್ಯ ಎಂಬರ್ಥದ ಉತ್ತರ ಬಂದಿತಂತೆ. ಮುಂದೆ ಮಲೇರಿಯಾ ಸೊಳ್ಳೆಯಿಂದ ಹರಡುವುದೆಂದು ಸಿದ್ಧಪಡಿಸಿ 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು ಇದೇ ರಾಸ್. ಡೆಂಗಿಯ ವಾಹಕ ಈಡಿಸ್ ಸೊಳ್ಳೆಯೆಂದು ಆಸ್ಟ್ರೇಲಿಯದ ಬ್ಯಾಂಕ್ರಾಫ್ಟ್ ಎಂಬ ವೈದ್ಯರು 1906ರಲ್ಲಿ ತೋರಿಸಿದರು. ಬೆಂಗಳೂರಿನ ತೊಟ್ಟಿಯ ಪಾಠವೇನೋ 140 ವರ್ಷಗಳಷ್ಟು ಹಳೆಯದು. ಮೇಲಧಿಕಾರಿಯ ಉತ್ತರವೂ ಪೂರ್ಣವಾಗಿ ಹಳತಾಗಿಲ್ಲ.

ಈ ಸೊಳ್ಳೆಯ ಸ್ವಭಾವವನ್ನು ತಿಳಿದರೆ ಹೊರವಲಯಗಳಲ್ಲಿ ರೋಗವೇಕೆ ಮನೆಮಾಡಿಕೊಂಡಿತೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಚರಂಡಿಯ ಕೊಳಕಿಗಿಂತ ಮನುಷ್ಯನು ತನಗಾಗಿ ತುಂಬಿಟ್ಟ ತಿಳಿನೀರೇ ಇದಕ್ಕೆ ಪ್ರಿಯ. ಡ್ರಮ್ಮು, ಸಿಮೆಂಟಿನ ತೊಟ್ಟಿ, ಮುಚ್ಚಳವಿಲ್ಲದ ಸಂಪು, ಹೂಕುಂಡದ ತಳದ ತಟ್ಟೆ, ಹಳೆಯ ಟೈರು, ಎಳನೀರಿನ ಚಿಪ್ಪು ಇವೆಲ್ಲ ಇದರ ಹೆರಿಗೆಮನೆಗಳು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು 7ರಿಂದ 10 ದಿನಗಳು ಸಾಕು. ಹೆಚ್ಚು ದೂರ ಹಾರುವ ಶಕ್ತಿಯೂ ಇದಕ್ಕಿಲ್ಲ. ಸಾಮಾನ್ಯವಾಗಿ ಹುಟ್ಟಿದ ಸ್ಥಳದಿಂದ ನೂರಿನ್ನೂರು ಮೀಟರುಗಳ ಒಳಗೇ ಇದರ ಜೀವನಯಾತ್ರೆ ಮುಗಿಯುತ್ತದೆ. ಆದಕಾರಣ ಒಂದೂರಿನಿಂದ ಇನ್ನೊಂದೂರಿಗೆ ಡೆಂಗಿಯನ್ನು ಒಯ್ಯುವುದು ಬಹುಮಟ್ಟಿಗೆ ಸೊಳ್ಳೆಯಲ್ಲ, ಪ್ರಯಾಣಮಾಡುವ ಮನುಷ್ಯ.

ವೈಟ್‌ಫೀಲ್ಡ್ ಎಂಬುದು 1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ ಸಂಘಕ್ಕೆ ದಯಪಾಲಿಸಿದ ಭೂಮಿಯಲ್ಲಿ ಹುಟ್ಟಿದ ಕೃಷಿಗ್ರಾಮ. ಸಂಘದ ಸ್ಥಾಪಕ ವೈಟ್ ಎಂಬವರಿಂದ ಆ ಹೆಸರು. ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಮೊದಲಾದ ಹಳ್ಳಿಗಳ ನೆಲದಲ್ಲಿ. ಪೀಣ್ಯವೂ 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶವಾಗುವ ಮುನ್ನ ಹಳ್ಳಿಯೇ. ಊರು ಬೆಳೆದ ವೇಗಕ್ಕೆ ಕೊಳವೆಯ ನೀರು ಬೆಳೆಯಲಿಲ್ಲ. 2007ರಲ್ಲಿ ಮಹಾನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕೈಗೊಂಡ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಗೊಂಡದ್ದು 2024ರ ಅಕ್ಟೋಬರ್ 16ರಂದು. ಅಲ್ಲಿಯವರೆಗೆ ಆ ಭಾಗದವರಿಗೆ ಕೊಳವೆಬಾವಿಯೂ ಟ್ಯಾಂಕರೂ ಗತಿಯಾಗಿದ್ದುವು. ಟ್ಯಾಂಕರಿನ ನೀರನ್ನು ಅವಲಂಬಿಸಿದವನು ನೀರನ್ನು ತುಂಬಿಡದೆ ಬದುಕಲಾರ. ಮಳೆ ಹೆಚ್ಚಾದಾಗ ಸೊಳ್ಳೆ ಹೆಚ್ಚುವುದೆಂದು ಎಲ್ಲರೂ ಬಲ್ಲರು. ನೀರಿಲ್ಲದ ಕಾಲದಲ್ಲಿಯೂ ಈ ಸೊಳ್ಳೆ ಬೆಳೆಯಬಲ್ಲುದೆಂಬುದನ್ನು ಬಲ್ಲವರು ಕಡಿಮೆ. ಇದಕ್ಕೆ ಕಟ್ಟಡ ಕಾಮಗಾರಿಗಳು ಸೇರಿಕೊಂಡವು. ಕಾಂಕ್ರೀಟಿನ ಮೇಲೆ ಕಟ್ಟಿನಿಲ್ಲಿಸಿದ ನೀರು, ಲಿಫ್ಟಿಗಾಗಿ ತೋಡಿದ ಗುಂಡಿ, ಕೂಲಿಗಾರರ ಶೆಡ್ಡುಗಳ ಮುಂದಿನ ತೆರೆದ ಡ್ರಮ್ಮು, ಪೀಣ್ಯದ ಓಣಿಗಳಲ್ಲಿ ಗುಡ್ಡೆಬಿದ್ದ ಗುಜರಿಯ ತಗಡು: ಸೊಳ್ಳೆಗೆ ಇನ್ನೇನು ಬೇಕು?

2024ರ ಬೇಸಗೆಯಲ್ಲಿ ಬೆಂಗಳೂರು ನೀರಿಲ್ಲದೆ ಬಳಲಿತು. ಅದೇ ವರ್ಷದ ಮಳೆಗಾಲದಲ್ಲಿ ಡೆಂಗಿ ವಿಜೃಂಭಿಸಿತು. ಆ ವರ್ಷ ರಾಜ್ಯದಲ್ಲಿ ಪತ್ತೆಯಾದ ಪ್ರಕರಣಗಳು 30,000ಕ್ಕೂ ಮಿಗಿಲು. ಸೆಪ್ಟೆಂಬರ್ ಆರಂಭದಲ್ಲಿ ಸರ್ಕಾರವು 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮದ ಮೇರೆಗೆ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಟ್ಟವರಿಗೆ ದಂಡವನ್ನೂ ಗೊತ್ತುಪಡಿಸಿತು. ನಗರದಲ್ಲಿ ಮನೆಯವರಿಗೆ 400 ರೂಪಾಯಿ, ವಾಣಿಜ್ಯ ಸಂಸ್ಥೆಗಳಿಗೆ 1,000, ಕಟ್ಟಡ ಕಟ್ಟಿಸುವವರಿಗೆ ಹಾಗೂ ಖಾಲಿ ನಿವೇಶನದ ಒಡೆಯರಿಗೆ 2,000. ಗ್ರಾಮಗಳಲ್ಲಿ ಇದರ ಅರ್ಧ. ಕೋಟಿಗಟ್ಟಲೆ ಹಣದ ಕಟ್ಟಡಕ್ಕೆ 2,000 ರೂಪಾಯಿಯ ದಂಡ ಎಷ್ಟರ ಅಂಕುಶವಾದೀತೆಂಬುದನ್ನು ಓದುಗರೇ ಯೋಚಿಸಬಹುದು.

ಇನ್ನು ಲಸಿಕೆಯ ವಿಚಾರ. ಲಸಿಕೆಯೆಂದರೆ ಕನ್ನಡನಾಡಿಗೆ ಹೊಸದಲ್ಲ. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ, ಮೈಸೂರು ರಾಣಿವಾಸದ ಮೂವರು ಸ್ತ್ರೀಯರ ವರ್ಣಚಿತ್ರವೊಂದಿದೆ. ಅವರಲ್ಲೊಬ್ಬರು ಸೆರಗು ಸರಿಸಿ ತೋಳನ್ನು ತೋರುತ್ತಿರುವುದು ಆಗತಾನೇ ಬಂದಿದ್ದ ಸಿಡುಬಿನ ಲಸಿಕೆಯ ವಿಷಯದಲ್ಲಿ ಜನರಿಗೆ ಧೈರ್ಯ ತುಂಬುವುದಕ್ಕಾಗಿಯೆಂದು ಇತಿಹಾಸಜ್ಞರು ವಿವರಿಸಿದ್ದಾರೆ. ಆ ಸಿಡುಬು 1980ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ದೇವಿ ಹಾಕಿಸಿಕೊಂಡ ಗುರುತನ್ನು ತೋಳಿನಲ್ಲಿ ಹೊತ್ತ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಇಂತಹ ನಾಡಿನವರು ಡೆಂಗಿಗೂ ಅಂತಹುದನ್ನು ನಿರೀಕ್ಷಿಸಿದರೆ ತಪ್ಪೇನೂ ಇಲ್ಲ. ತೊಡಕಿರುವುದು ರೋಗದ ಸ್ವರೂಪದಲ್ಲಿ.

ಡೆಂಗಿಯ ವೈರಾಣು ಒಂದಲ್ಲ, ನಾಲ್ಕು. ಒಂದು ಬಗೆಯದು ಒಮ್ಮೆ ಬಂದು ಹೋದರೆ ಶರೀರವು ಅದನ್ನು ಬಹುಕಾಲ ನೆನಪಿಟ್ಟುಕೊಂಡು ಮರಳಿ ಬರಗೊಡುವುದಿಲ್ಲ. ಉಳಿದ ಮೂರರ ವಿರುದ್ಧ ದೊರೆಯುವ ರಕ್ಷಣೆ ಕೆಲವು ತಿಂಗಳುಗಳದು ಮಾತ್ರ. ಅನಂತರ ಬೇರೊಂದು ಬಗೆ ಒಳಹೊಕ್ಕಾಗ, ಹಿಂದಿನ ರೋಗದಿಂದ ಹುಟ್ಟಿದ ಪ್ರತಿಕಾಯಗಳು ಅದನ್ನು ಅರೆಬರೆಯಾಗಿ ಹಿಡಿದುಕೊಳ್ಳುತ್ತವೆ, ಕೊಲ್ಲಲಾರವು. ಅಷ್ಟೇ ಅಲ್ಲ, ವೈರಾಣು ಯಾವ ಜೀವಕಣಗಳಲ್ಲಿ ಬೆಳೆಯುವುದೋ ಅಲ್ಲಿಗೇ ಅದನ್ನು ಸಾಗಿಸಿಬಿಡುತ್ತವೆ. ಕಳ್ಳನನ್ನು ನೆಂಟನೆಂದು ಭ್ರಮಿಸಿ ಒಳಮನೆಗೆ ಕರೆದೊಯ್ಯುವ ಕಾವಲುಗಾರನ ರೀತಿ ಇದು. ಆದುದರಿಂದಲೇ ಎರಡನೆಯ ಸಲ ಬರುವ ಡೆಂಗಿ ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿಯಾಗುವ ಸಂಭವವಿದೆ. ಲಸಿಕೆಯನ್ನು ತಯಾರಿಸುವವರು ನಾಲ್ಕನ್ನೂ ಏಕಕಾಲಕ್ಕೆ, ಸಮವಾಗಿ ಎದುರಿಸುವಂತೆ ಮಾಡಬೇಕು. ಯಾವುದಾದರೊಂದರಲ್ಲಿ ಕೊರತೆಯಾದರೆ ಲಸಿಕೆಯೇ ‘ಮೊದಲನೆಯ ರೋಗ’ದ ಪಾತ್ರವನ್ನು ವಹಿಸಿಬಿಡಬಹುದು.

ಇದು ಬರಿಯ ಊಹೆಯ ಮಾತಲ್ಲ. ಡೆಂಗಿಯ ಮೊದಲ ಲಸಿಕೆಯಾದ ‘ಡೆಂಗ್‌ವ್ಯಾಕ್ಸಿಯ’ಕ್ಕೆ 2015ರ ಡಿಸೆಂಬರಿನಲ್ಲಿ ಮೆಕ್ಸಿಕೋ ದೇಶ ಅನುಮತಿ ಕೊಟ್ಟಿತು. ಮರುವರ್ಷ ಫಿಲಿಪ್ಪೀನ್ಸ್ ದೇಶದಲ್ಲಿ ಶಾಲಾಮಕ್ಕಳಿಗೆ ಅದನ್ನು ಕೊಡಲಾರಂಭಿಸಿ, ಒಟ್ಟು 8 ಲಕ್ಷಕ್ಕೂ ಹೆಚ್ಚು ಮಂದಿಗೆ ಹಾಕಿದರು. ಹಿಂದೆ ಎಂದೂ ಡೆಂಗಿ ಬಾರದಿದ್ದವರಿಗೆ ಈ ಲಸಿಕೆಯ ನಂತರ ರೋಗ ತಗಲಿದರೆ ಅದು ಉಗ್ರವಾಗಬಹುದೆಂದು 2017ರ ನವೆಂಬರಿನಲ್ಲಿ ತಯಾರಕರೇ ಪ್ರಕಟಿಸಿದರು. ಕಾರ್ಯಕ್ರಮ ನಿಂತಿತು. ಅದರ ಜೊತೆಗೆ ಜನರ ನಂಬಿಕೆಯೂ ಕುಸಿಯಿತು. ತಾಯಂದಿರು ದಡಾರದ ಲಸಿಕೆಯನ್ನು ಹಾಕಿಸುವುದಕ್ಕೂ ಹಿಂಜರಿದರು. 2019ರಲ್ಲಿ ಆ ದೇಶದಲ್ಲಿ ದಡಾರ ವ್ಯಾಪಕವಾಗಿ ಹಬ್ಬಿತು. ಒಂದು ಲಸಿಕೆಯ ವಿಷಯದಲ್ಲಿ ಮಾಡಿದ ಆತುರ ಬೇರೊಂದು ಉತ್ತಮ ಲಸಿಕೆಯ ಬುಡಕ್ಕೆ ಕೊಡಲಿಯಾಯಿತು. ಶಾಲೆಗಳನ್ನು ನಡೆಸುವವರು ಈ ವೃತ್ತಾಂತವನ್ನು ವಿಶೇಷವಾಗಿ ಗಮನಿಸತಕ್ಕದ್ದು.

ತರುವಾಯ ಬಂದ ‘ಕ್ಯೂಡೆಂಗ’ ಎಂಬ ಜಪಾನೀ ಸಂಸ್ಥೆಯ ಲಸಿಕೆ ಇದಕ್ಕಿಂತ ಮೇಲಾದುದು. ಮೂರು ತಿಂಗಳ ಅಂತರದಲ್ಲಿ ಎರಡು ಸಲ ಹಾಕಿಸಿಕೊಳ್ಳಬೇಕು. ರೋಗದ ಹಾವಳಿ ತೀವ್ರವಾಗಿರುವ ಪ್ರದೇಶಗಳಲ್ಲಿ 6ರಿಂದ 16 ವಯಸ್ಸಿನವರಿಗೆ ಇದನ್ನು ಕೊಡಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೂ ಹಿಂದೆ ಡೆಂಗಿ ಬಾರದವರಲ್ಲಿ ಮೂರನೆಯ, ನಾಲ್ಕನೆಯ ಬಗೆಗಳ ವಿರುದ್ಧ ಇದರ ಬಲ ಎಷ್ಟೆಂಬುದು ನಿಸ್ಸಂದೇಹವಾಗಿ ಸಿದ್ಧವಾಗಿಲ್ಲ. ಆ ಕಾರಣದಿಂದಲೇ ಬ್ರಿಟನ್ ಮತ್ತು ಜರ್ಮನಿಯ ತಜ್ಞಸಮಿತಿಗಳು ಪ್ರವಾಸಿಗರಲ್ಲಿ ಹಿಂದೊಮ್ಮೆ ಡೆಂಗಿ ಬಂದುಹೋದವರಿಗಾಗಿ ಮಾತ್ರ ಅದನ್ನು ಹೇಳಿವೆ. ಬ್ರೆಜಿಲ್ ದೇಶವು ತನ್ನ ಬುಟಾಂಟಾನ್ ಸಂಸ್ಥೆಯ, ಒಂದೇ ಸಲ ಹಾಕುವ ಲಸಿಕೆಗೆ 2025ರ ನವೆಂಬರಿನಲ್ಲಿ ಅನುಮತಿ ನೀಡಿತು. ನಮ್ಮಲ್ಲಿ ‘ಡೆಂಗಿಆಲ್’ ಎಂಬ ಸ್ವದೇಶಿ ಲಸಿಕೆಯ ಮೂರನೆಯ ಹಂತದ ಪರೀಕ್ಷೆ 2024ರ ಆಗಸ್ಟಿನಲ್ಲಿ ರೋಹ್ತಕ್‌ನಲ್ಲಿ ಆರಂಭವಾಗಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ 10,000ಕ್ಕೂ ಹೆಚ್ಚು ವಯಸ್ಕರನ್ನು ಒಳಗೊಳ್ಳುವಂತೆ ಯೋಜಿತವಾಯಿತು. 2025ನೆಯ ವರ್ಷ ಮುಗಿಯುವವರೆಗೂ ಭಾರತದಲ್ಲಿ ಯಾವ ಡೆಂಗಿ ಲಸಿಕೆಯೂ ಸಾರ್ವಜನಿಕರ ಬಳಕೆಗೆ ಬಂದಿರಲಿಲ್ಲ. ಹೀಗಿರುವಲ್ಲಿ ಡೆಂಗಿಗೆ ಲಸಿಕೆ ಹಾಕಿಕೊಡುತ್ತೇವೆಂದು ಯಾರಾದರೂ ಹೇಳಿದರೆ, ಅದು ಯಾವ ಲಸಿಕೆ, ಯಾರ ಅನುಮತಿಯುಳ್ಳದ್ದು ಎಂದು ಕೇಳಿ ತಿಳಿದುಕೊಳ್ಳುವುದು ಅವಶ್ಯ.

ಯಾರಿಗೆ ಮೊದಲೇ ಡೆಂಗಿ ಬಂದಿದೆ ಎಂಬುದನ್ನು ಹೇಳುವುದೂ ಸುಲಭವಲ್ಲ. ಸೋಂಕು ತಗಲಿದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಗೆ ಅದು ತಿಳಿಯದೆಯೇ ಹೋಗುತ್ತದೆ. 2017-18ರಲ್ಲಿ ದೇಶದಾದ್ಯಂತ ರಕ್ತ ಪರೀಕ್ಷಿಸಿ ನಡೆಸಿದ ಸಮೀಕ್ಷೆಯಲ್ಲಿ ದಕ್ಷಿಣ ಭಾರತದವರ ಪೈಕಿ ನೂರಕ್ಕೆ ಸುಮಾರು 77 ಮಂದಿಯಲ್ಲಿ ಹಳೆಯ ಸೋಂಕಿನ ಗುರುತು ಕಂಡುಬಂದಿತು. ಈಶಾನ್ಯ ಭಾರತದಲ್ಲಿ ಅದು ನೂರಕ್ಕೆ 5ರಷ್ಟು ಮಾತ್ರ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಅಸ್ಸಾಮಿನಿಂದ ವೈಟ್‌ಫೀಲ್ಡಿಗೆ ಗಾರೆಕೆಲಸಕ್ಕೆ ಬಂದ ಹುಡುಗನಿಗೆ ಡೆಂಗಿ ಹೊಚ್ಚಹೊಸ ಶತ್ರು; ಯೂರೋಪಿನಿಂದ ಅದೇ ವೈಟ್‌ಫೀಲ್ಡಿನ ಕಚೇರಿಗೆ ಬಂದ ಎಂಜಿನಿಯರನಿಗೂ ಬಹುಶಃ ಹಾಗೆಯೇ. ಮಗನ ಮನೆಗೆ ಹಾವೇರಿಯಿಂದಲೋ ಗದಗದಿಂದಲೋ ಬಂದ ತಾಯಿಗೆ ಮಾತ್ರ ಅದು ಎರಡನೆಯ ಭೇಟಿಯಾಗಿರಬಹುದು. ಹೊರಗಿನಿಂದ ಬಂದವನಿಗಿಂತ ಹೆಚ್ಚಿನ ಎಚ್ಚರ ಆ ತಾಯಿಗೆ ಬೇಕಾಗಬಹುದೆಂಬುದು ಸಾಮಾನ್ಯವಾಗಿ ಯಾರಿಗೂ ಹೊಳೆಯುವುದಿಲ್ಲ.

ಪ್ರಯಾಣಿಕರು ತಪ್ಪದೆ ಹಾಕಿಸಿಕೊಳ್ಳಬೇಕಾದ ಲಸಿಕೆಗಳು ಬೇರೆ ಇವೆ. ಆಫ್ರಿಕ ಹಾಗೂ ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಹೋಗುವವರಿಗೆ ಹಳದಿ ಜ್ವರದ ಲಸಿಕೆ ಕಡ್ಡಾಯ. ಅದನ್ನು ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿಯೇ ಹಾಕಿಸಿ ಪ್ರಮಾಣಪತ್ರವನ್ನು ಪಡೆಯಬೇಕು. ಲಸಿಕೆ ಹಾಕಿಸಿದ 10 ದಿನಗಳ ನಂತರವಷ್ಟೇ ಪತ್ರ ಊರ್ಜಿತ. 2016ರ ಜುಲೈಯಿಂದ ಅದಕ್ಕೆ ಜೀವಾವಧಿ ಮಾನ್ಯತೆ. ಪತ್ರವಿಲ್ಲದೆ ಆ ದೇಶಗಳಿಂದ ಹಿಂದಿರುಗಿದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿರಿಸುವ ನಿಯಮವನ್ನು ಕಂಡು ಗೊಣಗುವವರಿದ್ದಾರೆ. ಆದರೆ ಹಳದಿ ಜ್ವರವನ್ನು ಹರಡುವುದೂ ಇದೇ ಈಡಿಸ್ ಸೊಳ್ಳೆ. ಆ ರೋಗ ಭಾರತದಲ್ಲಿಲ್ಲ. ಅದನ್ನು ಹೊರಬಲ್ಲ ಸೊಳ್ಳೆ ಮಾತ್ರ ಪೀಣ್ಯದ ಪ್ರತಿ ಓಣಿಯಲ್ಲೂ ಸಿದ್ಧವಾಗಿ ಕುಳಿತಿದೆ. ಇನ್ನು ಹೊರದೇಶಗಳಿಂದ ಬೆಂಗಳೂರಿಗೆ ಬರುವವರಿಗೆ ವಿಷಮಶೀತಜ್ವರ, ಕಾಮಾಲೆಯ ‘ಎ’ ಬಗೆ ಮೊದಲಾದವುಗಳ ಲಸಿಕೆಯನ್ನು ವೈದ್ಯರು ಹೇಳುವುದುಂಟು.

ಡೆಂಗಿಯ ವಿಷಯದಲ್ಲಿ ಪ್ರಯಾಣಿಕನು ಕಲಿಯಬೇಕಾದುದು ದಿನಗಳನ್ನು ಎಣಿಸುವುದನ್ನು. ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಕಣ್ಣಿನ ಹಿಂಭಾಗದ ನೋವು, ತಲೆನೋವು, ಮೈಕೈ ನೋವು, ಕೆಲವೊಮ್ಮೆ ಮೈಮೇಲೆ ಕೆಂಪು ಗಂಧೆ. ಜ್ವರ 2ರಿಂದ 7 ದಿನ ಇರುತ್ತದೆ. ಅನಂತರ ಮೈ ತಣ್ಣಗಾಗುತ್ತದೆ. ಇದೇ ವಂಚನೆಯ ಘಳಿಗೆ. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ದುಡಿಯುವ ತರುಣನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ನಾಲ್ಕು ದಿನ ಬಾಡಿಗೆಯ ಕೋಣೆಯಲ್ಲಿ ಜ್ವರದಿಂದ ನರಳಿದ್ದಾನೆ, ನೋಡಿಕೊಳ್ಳುವವರಿಲ್ಲ. ಐದನೆಯ ದಿನ ಜ್ವರ ಇಳಿದಿದೆ. ಊರಿಗೆ ಹೋಗಿ ತಾಯಿಯ ಕೈಯ ಗಂಜಿ ಕುಡಿದರೆ ಚೇತರಿಸಿಕೊಳ್ಳಬಹುದೆಂದು ಸಂಜೆ ತುಮಕೂರು ರಸ್ತೆಯಲ್ಲಿ ನಿಂತು ರಾಯಚೂರಿನ ಬಸ್ಸು ಹತ್ತುತ್ತಾನೆ. ಅವನಿಗೆ ತಿಳಿಯದಿರುವುದೇನೆಂದರೆ, ಡೆಂಗಿಯು ವಿಕೋಪಕ್ಕೆ ತಿರುಗುವುದಾದರೆ ಜ್ವರ ಇಳಿಯುವ ಹೊತ್ತಿನಲ್ಲಿ, ಅಲ್ಲಿಂದ ಮುಂದಿನ ಒಂದೆರಡು ದಿನಗಳಲ್ಲಿ ತಿರುಗುತ್ತದೆ. ಸೂಕ್ಷ್ಮ ರಕ್ತನಾಳಗಳಿಂದ ದ್ರವ ಸೋರಿ, ರಕ್ತ ಗಟ್ಟಿಯಾಗಿ, ನಾಡಿ ಕುಸಿಯುವುದು ಆಗಲೇ. ಬಸ್ಸು ರಾತ್ರಿಯಿಡೀ ಓಡುತ್ತಿರುವಾಗ, ಪಕ್ಕದವರೆಲ್ಲ ನಿದ್ರಿಸುತ್ತಿರುವಾಗ, ಅವನ ಹೊಟ್ಟೆ ನುಲಿದರೆ ನೋಡುವವರಾರು?

ತೀವ್ರವಾದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಮೂಗುಗಳಲ್ಲಿ ರಕ್ತ, ಕಪ್ಪು ಮಲ, ಉಸಿರಾಟದ ಕಷ್ಟ, ತಣ್ಣನೆಯ ಕೈಕಾಲು, ಅತಿಯಾದ ಮಂಕು ಅಥವಾ ಚಡಪಡಿಕೆ, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಯಾವುದೊಂದು ಕಂಡರೂ ಆಸ್ಪತ್ರೆಯನ್ನು ಸೇರಬೇಕು. ಜ್ವರ ಇಳಿದ ಮೇಲೆ ಕಡೆಯಪಕ್ಷ ಎರಡು ದಿನ ದೂರಪ್ರಯಾಣ ಕೂಡದು. ಹೋಗುವುದಿದ್ದರೆ ತಾಯಿಯೇ ಮಗನ ಬಳಿಗೆ ಬರಲಿ. ಜ್ವರಕ್ಕೆ ಪ್ಯಾರಾಸಿಟಮಾಲನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬಹುದು; ಆಸ್ಪಿರಿನ್, ಐಬುಪ್ರೊಫೇನ್ ಮೊದಲಾದ ನೋವಿನ ಗುಳಿಗೆಗಳು ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ನಿಷಿದ್ಧ. ನೀರು, ಗಂಜಿ, ಮಜ್ಜಿಗೆ, ಎಳನೀರು, ಉಪ್ಪುಸಕ್ಕರೆಯ ದ್ರಾವಣ ಧಾರಾಳವಾಗಿ ಹೋಗುತ್ತಿರಬೇಕು. ಮೊದಲ ಐದು ದಿನಗಳಲ್ಲಿ ಎನ್‌ಎಸ್-1 ಪರೀಕ್ಷೆಯೂ ಆಮೇಲೆ ಐಜಿಎಂ ಪರೀಕ್ಷೆಯೂ ರೋಗವನ್ನು ತಿಳಿಸುತ್ತವೆ. ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ಹಿಡಿದು ಬಂಧುಬಳಗವೆಲ್ಲ ಕಂಗಾಲಾಗುವುದು ಈಗಿನ ರೂಢಿ. ರಕ್ತಸ್ರಾವವಿಲ್ಲದಿದ್ದಲ್ಲಿ ಅದು 10,000ಕ್ಕಿಂತ ಕೆಳಗಿಳಿಯುವವರೆಗೆ ಸಾಮಾನ್ಯವಾಗಿ ಹೊರಗಿನಿಂದ ಕೊಡಬೇಕಾಗಿಲ್ಲ. ನಾಡಿ, ರಕ್ತದೊತ್ತಡ, ಮೂತ್ರದ ಪ್ರಮಾಣಗಳೇ ಹೆಚ್ಚು ನಂಬತಕ್ಕ ಸಾಕ್ಷಿಗಳು. ಪಪ್ಪಾಯಿ ಎಲೆಯ ರಸವನ್ನು ಕುಡಿಸಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದು ಮಾತ್ರ ಯಾವ ವೈದ್ಯಪದ್ಧತಿಗೂ ಒಪ್ಪುವ ಮಾತಲ್ಲ.

ಪ್ರಯಾಣ ಕೂಡದೆಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ಜ್ವರದ ಮೊದಲ ಐದಾರು ದಿನ ರೋಗಿಯ ರಕ್ತದಲ್ಲಿ ವೈರಾಣು ತುಂಬಿರುತ್ತದೆ. ಆಗ ಊರಿನ ಸೊಳ್ಳೆ ಅವನನ್ನು ಕಚ್ಚಿದರೆ ಎಂಟುಹತ್ತು ದಿನಗಳಲ್ಲಿ ಅದೂ ರೋಗವಾಹಕವಾಗಿ, ತಾನು ಬದುಕಿರುವವರೆಗೆ ಹಾಗೆಯೇ ಉಳಿಯುತ್ತದೆ. ಮೂರುದಿನಕ್ಕೊಮ್ಮೆ ನಲ್ಲಿ ನೀರು ಬರುವ ಊರುಗಳಲ್ಲಿ ಹಂಡೆ, ಡೋಣಿ, ಸಿಮೆಂಟಿನ ತೊಟ್ಟಿಗಳಿಗೇನು ಕಡಿಮೆ? 2006ರಲ್ಲಿ ಚಿಕುನ್‌ಗುನ್ಯ ಬಂದಾಗ ಕರ್ನಾಟಕದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಾಗಿ ಹಳ್ಳಿಹಳ್ಳಿಗಳೇ ಕುಂಟಿದುದನ್ನು ಮರೆತವರಿಲ್ಲ. ಅದನ್ನು ಹರಡಿದುದೂ ಇದೇ ಸೊಳ್ಳೆ. ಆದಕಾರಣ ರೋಗಿಯು ಎಲ್ಲಿದ್ದರೂ ಹಗಲಿನಲ್ಲಿಯೇ ಸೊಳ್ಳೆಪರದೆಯ ಒಳಗೆ ಮಲಗಬೇಕು, ಏಕೆಂದರೆ ಈಡಿಸ್ ಕಚ್ಚುವುದು ಹಗಲು, ಅದರಲ್ಲಿಯೂ ಬೆಳಗಿನ ಹೊತ್ತು ಮತ್ತು ಸೂರ್ಯಾಸ್ತಕ್ಕೆ ಮುಂಚಿನ ವೇಳೆಯಲ್ಲಿ. ಶಾಲೆಯ ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಲ್ಲುವುದೂ ಸಂಜೆ ಆಟಕ್ಕೆ ಇಳಿಯುವುದೂ ಇದೇ ವೇಳೆಗಳಲ್ಲಿ. ತುಂಬುತೋಳಿನ ಅಂಗಿ ಅಲ್ಲಿ ಉಪಯುಕ್ತ.

ವಾರಕ್ಕೊಂದು ದಿನ ತೊಟ್ಟಿಗಳನ್ನು ಬರಿದುಮಾಡಿ ಒಣಗಿಸುವ ಪದ್ಧತಿಯನ್ನು ಆರೋಗ್ಯ ಇಲಾಖೆ ಬಹುಕಾಲದಿಂದ ಸಾರುತ್ತಿದೆ. ಅನೇಕ ವಿದ್ಯಾರ್ಥಿನಿಲಯಗಳಲ್ಲಿ ಅದನ್ನು ಪಾಲಿಸುವವರೂ ಇದ್ದಾರೆ. ಆದರೆ ನೀರನ್ನು ಚೆಲ್ಲಿದರಷ್ಟೇ ಸಾಲದು. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನಲ್ಲಿಡದೆ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ತೊಟ್ಟಿಯ ಒಳಗೋಡೆಗೆ ಅಂಟಿಸುತ್ತದೆ. ಅವು ಒಣಗಿದ ಸ್ಥಿತಿಯಲ್ಲಿಯೇ ತಿಂಗಳುಗಟ್ಟಲೆ ಜೀವಹಿಡಿದಿದ್ದು, ಮತ್ತೆ ನೀರು ಏರಿದಾಗ ಒಡೆಯುತ್ತವೆ. ಆದ್ದರಿಂದ ಗೋಡೆಯನ್ನು ಒರಟಾದ ಪೊರಕೆಯಿಂದಲೋ ತೆಂಗಿನ ನಾರಿನಿಂದಲೋ ಸುತ್ತಲೂ ತಿಕ್ಕಿ ತೊಳೆದು, ಆ ನೀರನ್ನು ಚರಂಡಿಗೆ ಬಿಡದೆ ಒಣನೆಲಕ್ಕೆ ಚೆಲ್ಲಿ, ಅನಂತರ ಹೊಸನೀರು ತುಂಬಿ ಮುಚ್ಚಳವಿಡಬೇಕು.